ಅವ್ವನ ಕೈಯಲ್ಲಿ ಲಿಂಗ ಇಟ್ಟವಳು

ಅವ್ವನನ್ನು ಮಣ್ಣು ಮಾಡಲು ತೋಡಿದ್ದ ಕುಣಿಗೆ, ಶಾಲಾ ಶಿಕ್ಷಕಿಯಾದ ನಮ್ಮಕ್ಕ ಚಪ್ಪಲಿ ಬಿಟ್ಟು ಇಳಿಯತೊಡಗಿದಾಗ ಕೊಟ್ಟೂರಿನ ನಮ್ಮ ಹೊಲದಲ್ಲಿ ನೆರೆದವರೆಲ್ಲ ತಿರುಗಿ ಅವಳತ್ತ ನೋಡಿದರು. ಅವ್ವನನ್ನು ಒಳಗೆ ಪದ್ಮಾಸನದಲ್ಲಿ ಕೂರಿಸಿಯಾಗಿತ್ತು. ಅವಳ ಇಷ್ಟಲಿಂಗವನ್ನು ಎಡಗೈಯಲ್ಲಿ ಇಡುವುದೊಂದೇ ಬಾಕಿ. ಅದು ದೊಡ್ಡಪ್ಪನ ಕೈಯಲ್ಲಿತ್ತು. ನಮ್ಮ ಮನೆತನದಲ್ಲಿ ಅದು ಗಂಡಸರ ಕೆಲಸ. ನಾವು ಹೆಣ್ಣುಮಕ್ಕಳು ದೂರದಲ್ಲಿ ಬೇವಿನ ಮರದ ಕೆಳಗೆ ನಿಲ್ಲಬೇಕು.

“ಮಾಸ್ತರಿಕಿ ನಿನ್ನ ಸಾಲ್ಯಾಗ ಮಾಡವ್ವ, ಇಲ್ಲಲ್ಲ. ಮ್ಯಾಲೆ ಬಾ,” ಎಂದರು ದೊಡ್ಡಪ್ಪ.

“ಸಾಲಿಗೆ ಹಚ್ಚೋಕಿಂತ ಮೊದಲ ನನ್ನ ಅಂಗೈಯಾಗ ಲಿಂಗ ಇಟ್ಟು ಪೂಜಿ ಕಲಿಸಿದಾಕಿ ಅವ್ವ. ಆಗ ಅಕಿ ಗಂಡು ಹೆಣ್ಣು ಅಂದಿಲ್ಲ. ಇವತ್ತು ಅಕಿ ಕೈಯಾಗ ನಾನ ಇಡ್ತೀನಿ. ಕೊಡ್ರಿ ದೊಡ್ಡಪ್ಪ,” ಎಂದಳು ಅಕ್ಕ.

ಅವಳು ಹೇಳಿದ್ದು ನಿಜ. ದಿನಾ ಬೆಳಿಗ್ಗೆ ಅವ್ವ ಅಣ್ಣನನ್ನೂ ನಮ್ಮಿಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಪೂಜೆ ಮಾಡಿಸುತ್ತಿದ್ದಳು. ಅದು ಮುಗಿಯುವವರೆಗೆ ಯಾರಿಗೂ ರೊಟ್ಟಿ ಇಲ್ಲ.

ದೊಡ್ಡಪ್ಪ ಕೊಡಲಿಲ್ಲ. ಅಣ್ಣ ಅವರ ಕೈಯಿಂದ ಲಿಂಗ ತೆಗೆದುಕೊಂಡು ಅಕ್ಕನಿಗೆ ಕೊಟ್ಟ. ಅಕ್ಕ ಅದನ್ನು ಅವ್ವನ ಅಂಗೈಯಲ್ಲಿಟ್ಟು, ತಣ್ಣಗಿದ್ದ ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

ಆಗ ನಾನೂ ಅಕ್ಕನ ಹಿಂದೆಯೇ ಹೆಜ್ಜೆ ಇಟ್ಟಿದ್ದೆ ಎಂದು ನನ್ನ ನೆನಪು. ನಾನು ನಿಂತಲ್ಲಿಂದ ಅಲುಗಲೇ ಇಲ್ಲ ಎನ್ನುತ್ತಾನೆ ಅಣ್ಣ. ಅವನ ಮಾತೇ ಸರಿಯಿರಬೇಕು; ನನ್ನ ನೆನಪು ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಆದರೆ ಮುಂದೆ ನಮ್ಮ ಮನೆಯಲ್ಲಿ ಯಾರನ್ನು ಮಣ್ಣು ಮಾಡುವಾಗಲೂ ನಾನು ದೂರ ನಿಲ್ಲುವುದಿಲ್ಲ. ಹಿರಿಯರು ಬೇಕಾದರೆ ಬೈಯಲಿ.