ಅರವತ್ತು ಕಿಲೋ ಆಗುವ ಮೊದಲು

ಈ ಸಲ ಮಳೆ ಹಿಡಿದ ಮೇಲೆ ನನ್ನ ಬಲ ಮೊಣಕಾಲು ಮತ್ತೆ ತಕರಾರು ಶುರು ಮಾಡಿತು. ಮಾತ್ರೆ, ಮುಲಾಮು, ಬಿಸಿನೀರಿನ ಚೀಲ ಎಲ್ಲದರ ಸರದಿ ಮುಗಿದ ಮೇಲೆ ಹೆಂಡತಿ ಸಣ್ಣ ಬಟ್ಟಲಲ್ಲಿ ಔಡಲೆಣ್ಣೆ ಬೆಚ್ಚಗೆ ಮಾಡಿ ತಂದಿಟ್ಟಳು. ಮಂದ, ಜಿಡ್ಡುಜಿಡ್ಡಾದ ವಾಸನೆ. ಬೇರೆಯವರಿಗೆ ಆ ವಾಸನೆ ಬಂದರೆ ಬಾಣಂತಿಯ ಕೋಣೆಯೋ ಅಜ್ಜಿಯ ತಲೆಯೋ ನೆನಪಾಗುತ್ತದೆ. ನನಗೆ ಫುಟ್‌ಬಾಲ್ ನೆನಪಾಗುತ್ತದೆ. ಫುಟ್‌ಬಾಲಿನ ಹಿಂದೆಯೇ ಬೆಳಗಾವಿಯ ರವಿವಾರ ಪೇಟೆಯ ಒಂದು ಬೆಲ್ಲದಂಗಡಿ, ಆ ಅಂಗಡಿಯ ದೊಡ್ಡ ತಕ್ಕಡಿ, ತಕ್ಕಡಿಯ ಪಕ್ಕ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತ ಒಬ್ಬ ಮನುಷ್ಯ...

ನಾವು ಅವರನ್ನು ಮಾಮಾ ಎನ್ನುತ್ತಿದ್ದೆವು. ನನಗೆ ಬಂಧುವೂ ಅಲ್ಲ, ಬಳಗವೂ ಅಲ್ಲ. ಬೆಲ್ಲ ಮತ್ತು ಶೇಂಗಾದ ಸಗಟು ಅಂಗಡಿಯಲ್ಲಿ ಚೀಲ ತೂಗುವ ಕೆಲಸ ಅವರದು. ಬೆಳಗಿನಿಂದ ಸಂಜೆಯವರೆಗೆ ತೂಗಿ, ಐದರ ಹೊತ್ತಿಗೆ ಧೋತರ ಬಿಚ್ಚಿಟ್ಟು ಖಾಕಿ ಚಡ್ಡಿ ಹಾಕಿಕೊಂಡು, ಕೊರಳಿಗೊಂದು ಸೀಟಿ ಕಟ್ಟಿಕೊಂಡು ಮೈದಾನಕ್ಕೆ ಹೊರಟುಬಿಡುತ್ತಿದ್ದರು. ಅವರು ಹುಡುಗರದೊಂದು ಫುಟ್‌ಬಾಲ್ ಕ್ಲಬ್ ನಡೆಸುತ್ತಿದ್ದರು. ಕ್ಲಬ್ ಎಂದರೆ ಕಟ್ಟಡವಲ್ಲ, ಬೋರ್ಡೂ ಇರಲಿಲ್ಲ. ಒಂದು ತಗಡಿನ ಟ್ರಂಕು. ಅದರಲ್ಲಿ ಎರಡು ಚೆಂಡು, ಗಾಳಿ ಹೊಡೆಯುವ ಪಂಪು, ಏಳೆಂಟು ಜೋಡಿ ಬೂಟು, ಒಂದಿಷ್ಟು ಕಾಗದ. ಆದರೆ ಗೋವಾದ, ಪುಣೆಯ, ಬೆಂಗಳೂರಿನ ದೊಡ್ಡ ಕ್ಲಬ್ಬುಗಳವರು ತಮ್ಮ ಕಿರಿಯರ ತಂಡಕ್ಕೆ ಹುಡುಗರನ್ನು ಹುಡುಕುತ್ತ ಬೆಳಗಾವಿಗೆ ಬಂದರೆ ಮೊದಲು ಕೇಳುತ್ತಿದ್ದದ್ದು ಈ ಟ್ರಂಕಿನ ಯಜಮಾನರನ್ನೇ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮನೆ ಖಾನಾಪುರದಲ್ಲಿ. ಅಪ್ಪ ಅಲ್ಲಿಯ ಹಂಚಿನ ಕಾರ್ಖಾನೆಯಲ್ಲಿ ಅಚ್ಚಿಗೆ ಮಣ್ಣು ಒತ್ತುತ್ತಿದ್ದ. ನಾನು ಪ್ಯಾಸೆಂಜರ್ ರೈಲಿನಲ್ಲಿ ಬೆಳಗಾವಿಯ ಹೈಸ್ಕೂಲಿಗೆ ಬರುತ್ತಿದ್ದೆ. ಒಂದು ದಿನ ಶಾಲೆಯ ಮೈದಾನದ ಬೇಲಿಯಾಚೆ ನಿಂತು ನನ್ನ ಆಟ ನೋಡಿದ ಮಾಮಾ, ಆಟದ ಬಗ್ಗೆ ಒಂದು ಮಾತೂ ಆಡಲಿಲ್ಲ. ನನ್ನ ಮಣಿಕಟ್ಟು ಹಿಡಿದು ಎರಡು ಬೆರಳಿನಿಂದ ಎಲುಬು ಒತ್ತಿ ನೋಡಿದರು. ಆಮೇಲೆ ಸೀದಾ ಅಂಗಡಿಗೆ ಕರೆದುಕೊಂಡು ಹೋಗಿ ತಕ್ಕಡಿಯಲ್ಲಿ ಕೂರಿಸಿದರು. ಮೂವತ್ತೆಂಟು ಕಿಲೋ ಬಂದೆ. ಆಟಗಾರ ಆಗಬೇಕೆಂದು ಹೋದವನನ್ನು ಶೇಂಗಾ ಚೀಲದ ಹಾಗೆ ತೂಗಿದ್ದು ನನಗೆ ಭಾರೀ ಅವಮಾನ ಅನ್ನಿಸಿತ್ತು.

ಅದು ಅವರ ಪದ್ಧತಿ. ಅಂಗಡಿಗೆ ವಾರದ ರಜೆ ಇದ್ದ ದಿನ, ತಿಂಗಳಿಗೊಮ್ಮೆ, ನಾವು ಹದಿನೆಂಟು ಹುಡುಗರು ಸಾಲಾಗಿ ನಿಲ್ಲಬೇಕು. ಒಬ್ಬೊಬ್ಬರೇ ಸರಪಳಿ ಹಿಡಿದು ತಕ್ಕಡಿಯ ಪರಡಿಯಲ್ಲಿ ಕೂತರೆ ಮಾಮಾ ಇನ್ನೊಂದು ಪರಡಿಗೆ ಕಬ್ಬಿಣದ ಕಲ್ಲು ಹೇರುತ್ತಿದ್ದರು. ಬಂದ ತೂಕವನ್ನು ನಮ್ಮ ನಮ್ಮ ಹೆಸರಿನ ಮುಂದೆ ಗೋಡೆಯ ಮೇಲೆ ಇದ್ದಿಲಿನಿಂದ ಬರೆಯುತ್ತಿದ್ದರು. ಹೀಗಾಗಿ ಯಾರು ಎಷ್ಟಿದ್ದಾರೆಂದು ಇಡೀ ಪೇಟೆಗೇ ಗೊತ್ತಿರುತ್ತಿತ್ತು. ಕ್ಲಬ್ಬಿಗೆ ಇದ್ದದ್ದು ಎರಡೇ ಕಾನೂನು.

"ಐವತ್ತಾದ್ರ ಬೂಟು. ಅರವತ್ತಾದ್ರ ಬಿಡುಗಡೆ" ಎನ್ನುತ್ತಿದ್ದರು ಮಾಮಾ.

ಐವತ್ತು ಕಿಲೋ ಆಗುವವರೆಗೆ ಬರಿಗಾಲಿನಲ್ಲಿ ಆಡಬೇಕು. ಅರವತ್ತು ಆಗುವವರೆಗೆ ಎಂಥ ದೊಡ್ಡ ಕ್ಲಬ್ ಬಂದು ಕರೆದರೂ ಕಳಿಸುವುದಿಲ್ಲ. ಒಂದು ಕ್ಲಬ್ಬಿನ ಹುಡುಗ ಇನ್ನೊಂದಕ್ಕೆ ಹೋಗಬೇಕಾದರೆ ಹಳೆಯ ಕ್ಲಬ್ಬಿನವರು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಕೊಡಬೇಕಾಗಿತ್ತು. ಆ ಸಹಿ ಮಾಮಾನ ಕೈಯಲ್ಲಿತ್ತು. ನಮ್ಮ ತೂಕ ಏರಲೆಂದು ಆಟ ಮುಗಿದ ಮೇಲೆ ಮುಷ್ಟಿ ತುಂಬ ನೆನೆಸಿದ ಶೇಂಗಾ, ಒಂದು ಹೆಂಟೆ ಬೆಲ್ಲ ಕೊಡುತ್ತಿದ್ದರು. ಶನಿವಾರ ಬೂಟಿಗೆ ಔಡಲೆಣ್ಣೆ ಹಚ್ಚುವ ದಿನ. ಬಟ್ಟೆಯಿಂದ ಒರೆಸಿದರೆ ಒಪ್ಪುತ್ತಿರಲಿಲ್ಲ. ಹೆಬ್ಬೆರಳಿನಿಂದ ಒತ್ತಿ ಒತ್ತಿ ಚರ್ಮಕ್ಕೆ ಕುಡಿಸಬೇಕು.

ನಾನು ಬೂಟಿನ ಆಸೆಗೆ ಒಂದು ತಿಂಗಳ ತೂಕದ ದಿನ ಚಡ್ಡಿಯ ಒಳಗೆ ಅಂಗಡಿಯದೇ ಎರಡು ಕಿಲೋದ ಕಲ್ಲು ಕಟ್ಟಿಕೊಂಡು ತಕ್ಕಡಿ ಹತ್ತಿದೆ. ಐವತ್ತು ಬಂತು. ಮಾಮಾ ಮುಳ್ಳನ್ನು ನೋಡಲಿಲ್ಲ, ನಾನು ಕೂತ ರೀತಿ ನೋಡಿದರು. "ನಿನ್ನ ತೂಕ ನಲವತ್ತೆಂಟು. ಉಳದದ್ದು ಅಂಗಡೀದು ಐತಿ, ಅಲ್ಲೇ ಇಟ್ಟು ಇಳಿ" ಎಂದರು. ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ಅವರೂ ನಕ್ಕರು. ಮುಂದಿನ ಎರಡು ತಿಂಗಳಲ್ಲಿ ನಾನು ನಿಜವಾಗಿಯೂ ಐವತ್ತಾದಾಗ ಟ್ರಂಕಿನಿಂದ ಒಂದು ಜೋಡಿ ತೆಗೆದು ತಾವೇ ಕೂತು ನನ್ನ ಕಾಲಿಗೆ ಲೇಸು ಕಟ್ಟಿದರು.

ತಕ್ಕಡಿಯಲ್ಲಿ ಯಾರೂ ಅವರಿಗೆ ಮೋಸ ಮಾಡುವಂತಿರಲಿಲ್ಲ. ಕಾಗದದ ವಿಷಯ ಬೇರೆ. ಮಾಮಾ ಕನ್ನಡ ಮೂರನೆಯ ಇಯತ್ತೆಯವರೆಗೆ ಓದಿದ್ದರು. ಮನೆಯಲ್ಲಿ ಮರಾಠಿ, ಪೇಟೆಯಲ್ಲಿ ಕನ್ನಡ ಎರಡೂ ಸರಾಗ. ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ಲೀಗಿನ ಫಾರ್ಮುಗಳೆಲ್ಲ ಇಂಗ್ಲಿಷಿನಲ್ಲೇ ಇರುತ್ತಿದ್ದವು. ನನ್ನ ಅಕ್ಷರ ದುಂಡಗಿತ್ತೆಂದು ಕ್ಲಬ್ಬಿನ ಗುಮಾಸ್ತಿಕೆ ನನಗೇ ಬಂತು. ನಾನು ತುಂಬಿಸಿ ತಂದರೆ ಮಾಮಾ ಬೆಲ್ಲದ ಕೈ ಟವೆಲ್ಲಿಗೆ ಒರೆಸಿಕೊಂಡು "ಎಲ್ಲಿ?" ಎಂದಷ್ಟೇ ಕೇಳುತ್ತಿದ್ದರು. ನಾನು ಬೆರಳಿಟ್ಟಲ್ಲಿ ಬಿಡಿಬಿಡಿ ಕನ್ನಡ ಅಕ್ಷರಗಳಲ್ಲಿ ಸಹಿ ಮಾಡುತ್ತಿದ್ದರು. ಇದು ಏನು ಎಂದು ಒಮ್ಮೆಯೂ ಕೇಳಿದವರಲ್ಲ.

ನನಗೆ ಹದಿನೈದು ತುಂಬಿದ ವರ್ಷ ಗೋವಾದ ದೊಡ್ಡ ಕ್ಲಬ್ಬೊಂದರಿಂದ ಇಬ್ಬರು ಬಂದು ಮೂರು ಪಂದ್ಯ ನೋಡಿದರು. ಮೂರನೆಯದು ಮುಗಿದ ಮೇಲೆ ನನ್ನ ಹೆಸರು ಹೇಳಿದರು. ಇರಲು ಜಾಗ, ಎರಡು ಹೊತ್ತು ಊಟ, ಹೊಸ ಬೂಟು, ಹದಿನೆಂಟು ತುಂಬಿದರೆ ಕ್ಲಬ್ ನಡೆಸುವ ಕಂಪನಿಯಲ್ಲೇ ನೌಕರಿ. ನಮ್ಮದು ಲಿಂಗಾಯತರ ಮನೆ, ಅಲ್ಲಿ ಮೀನಿನ ಊಟ ಎಂದು ಅವ್ವ ಮುಖ ಕಿವಿಚಿದಳು. ಬರಿ ಅನ್ನ ತಿಂದೇ ಇರುತ್ತೇನೆ ಎಂದೆ. ಅಪ್ಪನ ಕಾರ್ಖಾನೆಯಲ್ಲಿ ಆ ವರ್ಷ ಒಂದು ಪಾಳಿ ನಿಲ್ಲಿಸಿದ್ದರು. ನೌಕರಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅಪ್ಪನಿಗೆ ಮತ್ತೇನೂ ಕೇಳಿಸಲಿಲ್ಲ.

ಗೋಡೆಯ ಮೇಲೆ ನನ್ನ ತೂಕ ಐವತ್ನಾಲ್ಕು ಎಂದಿತ್ತು. ಅಪ್ಪ ಖಾನಾಪುರದಿಂದ ಒಗೆದ ಅಂಗಿ ಹಾಕಿಕೊಂಡು ಬಂದು ಮಾಮಾನ ಮುಂದೆ ಕೈಮುಗಿದ. ಮಾಮಾ ಅವನನ್ನು ಕೂರಿಸಿ ಚಹಾ ತರಿಸಿಕೊಟ್ಟರು. "ಇವನ ಎಲುಬು ಇನ್ನೂ ಹಸಿ ಅದರೀ. ಅಲ್ಲಿ ದಿನಾ ಎರಡು ಹೊತ್ತು ಕಲ್ಲಿನಂಥಾ ನೆಲದ ಮ್ಯಾಲ ಓಡಸ್ತಾರ. ಒಂದು ವರ್ಷ ತಡೀರಿ, ನಾನಽ ಕರಕೊಂಡು ಹೋಗಿ ಬಿಟ್ಟು ಬರ್ತೇನಿ" ಎಂದರು. ಅಪ್ಪ ಚಹಾ ಕುಡಿಯದೆ ಎದ್ದ. ವಾಪಸ್ ಬರುವಾಗ ರೈಲಿನಲ್ಲಿ ಖಾನಾಪುರದವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಗೋವಾದವರು ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತೇವೆ, ಆಮೇಲೆ ಬೇರೆ ಹುಡುಗನನ್ನು ನೋಡುತ್ತೇವೆ ಎಂದಿದ್ದರು.

ಆ ವಾರವೇ ಲೀಗಿನ ಫಾರ್ಮುಗಳು ಬಂದವು. ಹದಿನೆಂಟು ಹುಡುಗರಿಗೆ ಹದಿನೆಂಟು ಕಾಗದ. ನಾನು ಹತ್ತೊಂಬತ್ತು ಒಯ್ದೆ.

ನನ್ನ ಬಿಡುಗಡೆ ಪತ್ರವನ್ನು ನಡುವೆ, ಹನ್ನೊಂದನೆಯದಾಗಿ ಇಟ್ಟಿದ್ದೆ. ಮಾಮಾ ಕೈ ಒರೆಸಿಕೊಂಡು ಚೀಲದ ಮೇಲೆ ಕೂತರು. ಎಲ್ಲಿ? ಬೆರಳಿಟ್ಟೆ. ಎಲ್ಲಿ? ಬೆರಳಿಟ್ಟೆ. ಹನ್ನೊಂದನೆಯದು ಬಂದಾಗ ನನ್ನ ಬೆರಳು ನಡುಗಿತು. ಅವರು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಚಳಿ ಹತ್ತೇತೇನು?" ಎಂದು ತಮ್ಮ ಹೆಗಲ ಟವೆಲ್ ತೆಗೆದು ನನಗೆ ಹೊದಿಸಿದರು. ಆಮೇಲೆ ಸಹಿ ಮಾಡಿದರು... ಈ ಒಂದು ಗಳಿಗೆಯನ್ನು ನಾನು ಜೀವನದಲ್ಲಿ ಎಷ್ಟು ಸಲ ವಾಪಸ್ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ.

ಮೂರನೆಯ ದಿನ ಕ್ಲಬ್ಬಿನ ಬೂಟನ್ನು ಟ್ರಂಕಿನೊಳಗೆ ಇಟ್ಟು, ಅವರಿಗೆ ಹೇಳದೆ ಗೋವಾದ ರೈಲು ಹತ್ತಿದೆ.

ಅಲ್ಲಿ ನಾನು ಎಂಟು ತಿಂಗಳು ಇದ್ದೆ. ಯಾರೂ ಕೆಟ್ಟವರಲ್ಲ. ಊಟ ಹೊಟ್ಟೆ ತುಂಬ ಕೊಡುತ್ತಿದ್ದರು. ಆದರೆ ಕೆಂಪು ಜಂಬಿಟ್ಟಿಗೆಯ ನೆಲ, ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು. ಆರನೆಯ ತಿಂಗಳಿಗೆ ಮೊಣಕಾಲು ಬಾತುಕೊಂಡಿತು. ಹೇಳಿದರೆ ಮನೆಗೆ ಕಳಿಸುತ್ತಾರೆಂದು ಬಟ್ಟೆ ಬಿಗಿದುಕೊಂಡು ಆಡಿದೆ. ಒಂದು ದಿನ ಚೆಂಡಿಗೆ ತಿರುಗುವಾಗ ಬಿದ್ದವನು ಮತ್ತೆ ಏಳಲಿಲ್ಲ. ಬೆಳೆಯುವ ವಯಸ್ಸಿನ ಎಲುಬು, ಇಷ್ಟು ಭಾರ ಹಾಕಬಾರದಿತ್ತು ಎಂದು ಡಾಕ್ಟರು ಹೇಳಿದರು. ನನಗೆ ಆ ಮಾತು ಮೊದಲೇ ಗೊತ್ತಿತ್ತು. ನನ್ನ ಹಾಸಿಗೆಗೆ ಬೇರೊಬ್ಬ ಹುಡುಗ ಬಂದ. ನಾನು ಚೀಲ ಹಿಡಿದು ಖಾನಾಪುರದಲ್ಲಿ ಇಳಿದೆ.

ಎರಡು ತಿಂಗಳು ಬೆಳಗಾವಿಯ ಕಡೆ ಮುಖ ಹಾಕಲಿಲ್ಲ. ನಮ್ಮ ತಂಡದ ಗೋಲ್‌ಕೀಪರ್ ನಂದಗಡದ ಹುಡುಗ. ಒಂದು ಸಂತೆಯ ದಿನ ಅವನು ಸಿಕ್ಕ. ನಾನು ಹೋದ ಮೇಲೆ ಏನಾಯಿತೆಂದು ಅವನೇ ಹೇಳಿದ. ಎದುರು ಕ್ಲಬ್ಬಿನವರೊಬ್ಬರು ಆಟದ ಕಮಿಟಿಗೆ ದೂರು ಕೊಟ್ಟರಂತೆ: ಅರವತ್ತು ಆಗದೆ ಬಿಡುವುದಿಲ್ಲ ಎಂದವರು ರಾತ್ರೋರಾತ್ರಿ ಹೇಗೆ ಬಿಟ್ಟರು, ಆ ಪತ್ರ ಖೊಟ್ಟಿ ಎಂದು. ಖೊಟ್ಟಿ ಎಂದಾದರೆ ನನಗೆ ಎರಡು ವರ್ಷ ಎಲ್ಲಿಯೂ ಆಡಲು ಬರುತ್ತಿರಲಿಲ್ಲ, ಗೋವಾದವರು ಮರುದಿನವೇ ಹೊರಗೆ ಹಾಕುತ್ತಿದ್ದರು. ಮಾಮಾನನ್ನು ಕರೆಸಿ ಪತ್ರ ಮುಂದಿಟ್ಟರು. ಅವರಿಗೆ ಓದಲು ಬರದ ಕಾಗದ. ಕೆಳಗಿನ ಸಹಿಯ ಮೇಲೆ ಬೆರಳಿಟ್ಟರಂತೆ.

"ಸೈ ನಂದಽ ಐತಿ. ಹುಡುಗನ್ನ ನಾನಽ ಬಿಟ್ಟುಕೊಟ್ಟೇನಿ" ಎಂದು ಹೇಳಿ ಎದ್ದು ಬಂದರಂತೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮರುವಾರದಿಂದ ಹುಡುಗರ ಅಪ್ಪಂದಿರು ಅಂಗಡಿಗೆ ಬರತೊಡಗಿದರು. ಖಾನಾಪುರದವನನ್ನು ಐವತ್ನಾಲ್ಕಕ್ಕೆ ಬಿಟ್ಟಿರಿ, ನಮ್ಮವನು ಐವತ್ತಾರು ಇದ್ದಾನೆ, ಅವನನ್ನೇಕೆ ಹಿಡಿದಿಟ್ಟಿದ್ದೀರಿ? ಗೋಡೆಯ ಮೇಲೆ ನನ್ನ ತೂಕ ಎಲ್ಲರಿಗೂ ಕಾಣುತ್ತಿತ್ತು. ಮಾಮಾನ ಹತ್ತಿರ ಇದ್ದ ಒಂದೇ ಉತ್ತರ ಹೇಳಿದರೆ ನಾನು ಸಿಕ್ಕಿಬೀಳುತ್ತಿದ್ದೆ. ಕೇಳಿದವರಿಗೆಲ್ಲ ಸಹಿ ಮಾಡಿಕೊಟ್ಟರು. ಒಂದೇ ಹಂಗಾಮಿನಲ್ಲಿ ಏಳು ಹುಡುಗರು ಹೋದರು, ಅವರಲ್ಲಿ ಇಬ್ಬರಿಗೆ ಬೂಟು ಕೊಡುವಷ್ಟು ತೂಕವೂ ಇರಲಿಲ್ಲ. ಒಬ್ಬ ಮಾತ್ರ ನೆಲೆ ನಿಂತ. ಉಳಿದವರು ನನ್ನ ಹಾಗೆಯೇ ಚೀಲ ಹಿಡಿದು ವಾಪಸ್ ಬಂದರು. ಮುಂದಿನ ವರ್ಷ ಲೀಗಿಗೆ ಹದಿನೆಂಟು ಹೆಸರು ತುಂಬಲಿಲ್ಲ. ಟ್ರಂಕು ತಕ್ಕಡಿಯ ಹಿಂದಿನ ಮೂಲೆ ಸೇರಿತು.

ಎಲ್ಲ ಹೇಳಿಬಿಡಬೇಕೆಂದೇ ಒಂದು ದಿನ ಪೇಟೆಗೆ ಹೋದೆ. ನಾನು ಕುಂಟುತ್ತ ಬರುವುದನ್ನು ಮಾಮಾ ದೂರದಿಂದಲೇ ನೋಡಿದರು. ಏನೂ ಕೇಳದೆ ಕೈ ಹಿಡಿದು ಪರಡಿಯಲ್ಲಿ ಕೂರಿಸಿ ಕಲ್ಲು ಹೇರಿದರು. "ಐವತ್ತೊಂಬತ್ತು" ಎಂದರು. ಗೋಡೆಯ ಮೇಲೆ ಬರೆಯಲಿಲ್ಲ. ಆಮೇಲೆ ಬೂಟಿನ ಎಣ್ಣೆಯ ಬಾಟಲಿ ತಂದು ನನ್ನ ಮೊಣಕಾಲಿಗೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಹಚ್ಚಿದರು. "ನೋವು ಐತೇನು?" ಎಂದು ಕೇಳಿದರು. ಇಲ್ಲ ಮಾಮಾ ಎಂದೆ. ಅಷ್ಟನ್ನೇ ಹೇಳಿ ಸಂಜೆಯ ರೈಲಿಗೆ ವಾಪಸ್ ಬಂದೆ.

ನನಗೆ ಖಾನಾಪುರದಲ್ಲೇ ಸರಕಾರಿ ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಹಣೆಬರಹ ನೋಡಿ, ಜೀವನವಿಡೀ ಬೇರೆಯವರ ಫಾರ್ಮು ತುಂಬಿಸುವುದೇ ಆಯಿತು. ಓದು ಬಾರದವರು ಬಂದರೆ ಪ್ರತಿ ಸಾಲು ಓದಿ, ಅರ್ಥ ಹೇಳಿ, ಅವರು ತಲೆಯಾಡಿಸಿದ ಮೇಲೆಯೇ ಹೆಬ್ಬೆಟ್ಟು ಒತ್ತಿಸುತ್ತಿದ್ದೆ. ಪುರಾಣ ಓದುತ್ತಾನೆ ಎಂದು ಜೊತೆಯವರು ಚೇಷ್ಟೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ.

ಎಂಬತ್ತರ ದಶಕದ ನಡುವೆ ಮಾಮಾ ಕೆಲಸ ಬಿಟ್ಟು ಬೆಳಗಾವಿಯಲ್ಲೇ ಹಿಂದವಾಡಿಯ ಮಗಳ ಮನೆಗೆ ಹೋದರು. ನಾನು ತಿಂಗಳಿಗೊಮ್ಮೆ ತಪ್ಪದೆ ಹೋಗುತ್ತಿದ್ದೆ. ಮಾಮಿ ಚಹಾ ಕೊಡುತ್ತಿದ್ದರು. ಮಾಮಾ ಎಣ್ಣೆ ತರಿಸಿ ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ನೋವು ಐತೇನು? ಇಲ್ಲ ಮಾಮಾ. ಆಮೇಲೆ ಅವರು ಸ್ವಲ್ಪ ಹೊತ್ತು ಕೈ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ವಯಸ್ಸಾಯಿತು, ದಣಿದಿದ್ದಾರೆ ಎಂದುಕೊಳ್ಳುತ್ತಿದ್ದೆ. ಮುಂದಿನ ತಿಂಗಳು ಹೇಳಿದರಾಯಿತು ಎಂದು ಎದ್ದು ಬರುತ್ತಿದ್ದೆ. ಹೀಗೆ ನಾಲ್ಕು ವರ್ಷ...

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು. ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮಾಮಿ ಒಳಗಿನಿಂದ ಒಂದು ಗಂಟು ತಂದು ನನ್ನ ಮುಂದಿಟ್ಟರು. ಬಿಚ್ಚಿದರೆ ನಾನು ಟ್ರಂಕಿನಲ್ಲಿ ಇಟ್ಟು ಹೋದ ಬೂಟು. ಹತ್ತು ವರ್ಷದ ಚರ್ಮ ಹೂವಿನ ಹಾಗೆ ಮೆತ್ತಗಿತ್ತು. ಪ್ರತಿ ಶನಿವಾರ ಎಣ್ಣೆ ಹಚ್ಚುತ್ತಿದ್ದರಂತೆ.

"ನೀ ಬಂದು ಹೋದ ಮ್ಯಾಲ ಪ್ರತಿ ಸಲ ಒಂದಽ ಮಾತು ಅಂತಿದ್ರಪಾ" ಎಂದರು ಮಾಮಿ. "'ಇವತ್ತೂ ಹೇಳಲಿಲ್ಲ ನೋಡು' ಅಂತಿದ್ರು."

ಅವರಿಗೆ ನನ್ನ ಮೇಲೆ ಸಿಟ್ಟಿತ್ತೇ ಎಂದು ಕೇಳಿದೆ.

"ಸಿಟ್ಟೆಲ್ಲೀದು. ಹೇಳಿಬಿಟ್ರ ಹುಡುಗ ಹಗುರ ಆಗ್ತಾನ ಅಂತ ದಾರಿ ಕಾಯ್ತಿದ್ರು, ಅಷ್ಟಽ."

ಈಗ ಆ ಪೇಟೆಯ ಅಂಗಡಿಯಲ್ಲಿ ಪ್ಲಾಸ್ಟಿಕ್ ಸಾಮಾನು ಮಾರುತ್ತಾರೆ. ಗೋಡೆಗೆ ಎಷ್ಟೋ ಸಲ ಬಣ್ಣ ಬಿದ್ದಿದೆ. ಮೊನ್ನೆ ಮೊಣಕಾಲಿಗೆ ಹಚ್ಚಿ ಉಳಿದ ಎಣ್ಣೆ ಬಟ್ಟಲಲ್ಲಿ ಹಾಗೇ ಇತ್ತು. ಕಪಾಟಿನಿಂದ ಬೂಟು ತೆಗೆದುಕೊಂಡು ಪಡಸಾಲೆಯಲ್ಲಿ ಕೂತೆ. ಹೆಬ್ಬೆರಳಿನಿಂದ ಒತ್ತಿ ಒತ್ತಿ ಹಚ್ಚಿದೆ. ಹೆಂಡತಿ ಒಳಗಿದ್ದಳು, ಸುತ್ತ ಯಾರೂ ಇರಲಿಲ್ಲ. ಹನ್ನೊಂದನೆಯ ಕಾಗದ ನನ್ನದಿತ್ತು ಮಾಮಾ ಎಂದು ಒಂದು ಸಲ ಬಾಯಿಬಿಟ್ಟು ಹೇಳಿದೆ. ಹೇಳಿದರೆ ಹಗುರವಾಗುತ್ತದೆ ಎಂದು ಅವರು ನಂಬಿದ್ದರು. ಕೇಳಬೇಕಾದವರು ಇರುವಾಗ ಹೇಳಿದ್ದರೆ ಆಗುತ್ತಿತ್ತೇನೋ.