ಬೀಳಲು ಬಾರದ ಪೈಲ್ವಾನರು

ಕಾಯಿಸಿದ ಹಾಲು ಉಕ್ಕುತ್ತದೆ ಎಂಬುದು ನರಗುಂದದ ಬಸ್ ನಿಲ್ದಾಣದ ಎದುರಿಗೆ ಚಹಾದಂಗಡಿ ಇಟ್ಟಿರುವ ದಾದಾಪೀರನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಅರ್ಧ ಆಯುಷ್ಯವನ್ನು ಒಲೆಯ ಮುಂದೆಯೇ ಕಳೆದವನು ಅವನು. ಆದರೂ ದಿನಕ್ಕೊಮ್ಮೆಯಾದರೂ ಅವನ ಹಾಲು ಉಕ್ಕಿ, ಪಾತ್ರೆಯ ಮೈಮೇಲೆ ಇಳಿದು, ಉರಿಯ ಮೇಲೆ ಚುರ್ ಎಂದು ಸೀದು, ಅಂಗಡಿಯ ತುಂಬ ವಾಸನೆ ಹರಡುತ್ತದೆ. ಕಾರಣ, ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಅವನ ಮೊಬೈಲು. ಅದರೊಳಗೆ ದೂರದೇಶದ ದೈತ್ಯದೇಹಿಗಳು ಸದಾ ಬ್ಯಾಟಲ್ ರಾಯಲ್ ಆಡುತ್ತಿರುತ್ತಾರೆ. ಇದನ್ನು ನೋಡದ ಪುಣ್ಯವಂತರಿಗಾಗಿ ಒಂದು ಮಾತು: ಹಗ್ಗ ಬಿಗಿದ ಒಂದೇ ಅಂಕಣದೊಳಗೆ ಇಪ್ಪತ್ತು ಮೂವತ್ತು ಮಲ್ಲರು ನುಗ್ಗಿ, ಒಬ್ಬರನ್ನೊಬ್ಬರು ಹಗ್ಗದ ಮೇಲಿಂದ ಹೊರಕ್ಕೆಸೆಯುತ್ತಾರೆ, ಹೊರಗಿನ ನೆಲಕ್ಕೆ ಕಾಲು ತಾಗಿದವನು ಸೋತ, ಕಡೆಗೆ ಒಳಗೆ ಉಳಿದವನು ಗೆದ್ದ. ಯಾರು ಉಳಿಯುತ್ತಾನೆಂಬುದು ಅವನು ಒಳಗೆ ಬರುವಾಗ ಮೊಳಗುವ ವಾದ್ಯದ ಅಬ್ಬರದಿಂದಲೇ ನನ್ನಂಥ ಅರಸಿಕನಿಗೂ ತಿಳಿದುಬಿಡುತ್ತದೆ.

ಒಮ್ಮೆ ಕೇಳಿಯೇಬಿಟ್ಟೆ. “ಯಾರು ಗೆಲ್ತಾರ ಅಂತ ಗೊತ್ತಿಲ್ಲೇನು ನಿನಗ?”

“ಗೊತ್ತೈತ್ರಿ. ಹ್ವಾದ ವಾರನೂ ಇದನ್ನ ನೋಡೀನಿ.”

“ಮತ್ತ ಯಾಕ ನೋಡ್ತಿ?”

“ನಿಮ್ಮ ಪೇಪರನ್ಯಾಗ ಬರೋದೂ ನನಗ ಮದ್ಲ ಗೊತ್ತಿರತೈತ್ರಿ. ಆದ್ರೂ ರೊಕ್ಕ ಕೊಟ್ಟ ತಗೋತೀನಲ್ಲ.”

ಜಿಲ್ಲಾ ದೈನಿಕವೊಂದಕ್ಕೆ ಈ ತಾಲೂಕಿನ ಸುದ್ದಿ ಕಳಿಸುತ್ತ ತಲೆಗೂದಲು ನರೆಸಿಕೊಂಡವನು ನಾನು. ನನಗೆ ಅಕ್ಷರ ತಿದ್ದಿಸಿದ ಹಿರಿಯ ಉಪಸಂಪಾದಕರೊಬ್ಬರು ಎರಡು ಪಾಠ ಹೇಳಿಕೊಟ್ಟಿದ್ದರು. ಗೆದ್ದವನ ಹೆಸರು ಮೊದಲ ವಾಕ್ಯದಲ್ಲಿರಬೇಕು. ಎಲ್ಲರಿಗೂ ಮೊದಲೇ ಗೊತ್ತಿರುವುದನ್ನು ಬರೆಯಲೇಬಾರದು. ಈ ಶಿಸ್ತು ಕ್ರಮೇಣ ಲೇಖನಿಯಿಂದ ನಾಲಿಗೆಗೂ ಇಳಿಯಿತು. ಮಗಳ ಮದುವೆಯ ಸಂಜೆ, ಬರಲಾಗದ ತಂಗಿ ಫೋನು ಮಾಡಿ ಮದುವೆ ಹೇಗಾಯಿತೆಂದು ಕೇಳಿದರೆ, “ಕಾರ್ಯಕ್ರಮ ಸುಸೂತ್ರವಾಗಿ ನೆರವೇರಿತು” ಎಂದು ಹೇಳಿ ಹೆಂಡತಿಯ ಕೈಯಲ್ಲಿ ಬೈಸಿಕೊಂಡಿದ್ದೇನೆ. ಇಂಥವನು, ಫಲಿತಾಂಶ ಊರಿಗೆಲ್ಲ ಗೊತ್ತಿದ್ದ ಬ್ಯಾಟಲ್ ರಾಯಲ್ ಒಂದಕ್ಕೆ ಸ್ವಇಚ್ಛೆಯಿಂದ ಹೋಗಿ, ಮುಗಿಯುವವರೆಗೆ ಕೂತು, ಇಂದಿಗೂ ಅದನ್ನು ಮೆಲುಕು ಹಾಕುತ್ತಿದ್ದೇನೆ ಎಂದರೆ ಆ ಉಪಸಂಪಾದಕರು ನಂಬುತ್ತಿರಲಿಲ್ಲ.

ಅದು ನಡೆದದ್ದು ಯಲ್ಲಪ್ಪ ಪೈಲ್ವಾನನಿಗಾಗಿ. ಚಿಕ್ಕನರಗುಂದದ ಯಲ್ಲಪ್ಪ ನಮ್ಮ ಊರಿನ ಗರಡಿಯ ವಸ್ತಾದ, ಅಂದರೆ ಹುಡುಗರಿಗೆ ಕುಸ್ತಿ ಕಲಿಸುವ ಗುರು. ಗರಡಿಯ ಕೆಂಪು ಮಣ್ಣಿಗೆ ಮಜ್ಜಿಗೆ, ಅರಿಸಿನ, ನಿಂಬೆರಸ ಬೆರೆಸಿ, ನಸುಕಿನಲ್ಲಿ ಅದನ್ನು ಅಗಿದು ಹದ ಮಾಡುವ ಕೆಲಸವನ್ನು ಅವನು ಯಾರಿಗೂ ಬಿಟ್ಟುಕೊಟ್ಟವನಲ್ಲ. ಶಿಷ್ಯರು ಗುದ್ದಲಿಗೆ ಕೈಚಾಚಿದರೆ, “ಮಣ್ಣ ಅಗಿಯಾವ ಕುಸ್ತಿ ಹಿಡಿಯಾವ ಇರಬೇಕಲೇ” ಎನ್ನುತ್ತಿದ್ದ. ಅವನ ಸಮಗ್ರ ಶಾಸ್ತ್ರ ಒಂದೇ ಸೂತ್ರದಲ್ಲಿ ಅಡಗಿತ್ತು: ಬೆನ್ನಿಗೆ ಮಣ್ಣು ಹತ್ತಬಾರದು. ಮೊಳಕಾಲು ಹತ್ತಲಿ, ಮೋರೆ ಹತ್ತಲಿ. ಬೆನ್ನು ಹತ್ತಿದರೆ ಮಾತ್ರ ಸೋಲು.

ಗಜೇಂದ್ರಗಡದ ಕಣದಲ್ಲಿ, ತನಗಿಂತ ಬಹಳ ಎಳೆಯನಾದ ಜೋಡಿಯ, ಅಂದರೆ ಎದುರಾಳಿಯ, ಮೇಲೆ ಮೇಲುಗೈ ಸಾಧಿಸುತ್ತಿದ್ದ ಹೊತ್ತಿನಲ್ಲಿ ಯಲ್ಲಪ್ಪನ ಬಲಮೊಳಕಾಲು ಸಿಕ್ಕಿಕೊಂಡು ನಿಂತುಬಿಟ್ಟಿತು. ಪಂಚರು ಕುಸ್ತಿ ಬಿಡಿಸಿ ಬರಾಬರಿ ಎಂದರು. ಗೆದ್ದಿದ್ದರೆ ಮರೆಯುತ್ತಿದ್ದ, ಸೋತಿದ್ದರೂ ಮರೆಯುತ್ತಿದ್ದ. ಮುಗಿಯದ ಕುಸ್ತಿಯೊಂದು ಅವನೊಳಗೆ ಹಲ್ಲಿನ ಸಂದಿಯ ಎಳೆಯಂತೆ ಉಳಿದುಹೋಯಿತು. ಹುಬ್ಬಳ್ಳಿಯ ಡಾಕ್ಟರು, ಇನ್ನೊಮ್ಮೆ ಈ ಕಾಲು ತಿರುಚಿದರೆ ಮುಂದೆ ಕೋಲೇ ಗತಿ ಎಂದು ಕಡ್ಡಿ ಮುರಿದಂತೆ ಹೇಳಿದರು. ಯಲ್ಲಪ್ಪ ತಲೆಯಾಡಿಸಿ ಬಂದವನು, ಮುಂದಿನ ಹಂಗಾಮಿಗೆ ರೋಣದಲ್ಲಿ ಅದೇ ಜೋಡಿಯೊಂದಿಗೆ ಕುಸ್ತಿ ಒಪ್ಪಿಕೊಂಡ. ಹೆಂಡತಿ ಅತ್ತಳು, ಗೆಳೆಯರು ಬೈದರು. ನಾನೂ ಪತ್ರಕರ್ತನ ಗಾಂಭೀರ್ಯದಿಂದ ವೈದ್ಯವಿಜ್ಞಾನದ ಬಗ್ಗೆ ನಾಲ್ಕು ಮಾತಾಡಿದೆ. ಅವನು ಚಹಾ ಕುಡಿಸಿ ಕಳಿಸಿದ.

ಉಪಾಯ ಹೊಳೆದದ್ದು, ಒಂದು ಕಾಲದಲ್ಲಿ ಅದೇ ಗರಡಿಯ ಶಿಷ್ಯನಾಗಿದ್ದು ಈಗ ಅದರ ಬಾಗಿಲಲ್ಲಿ ಹಿಡಿಸದಷ್ಟು ಬೆಳೆದಿರುವ ದಾದಾಪೀರನಿಗೆ. ವಸ್ತಾದನಿಗೆ ಬೇಕಾದದ್ದು ಕಡೆಯದೊಂದು ಗೆಲುವು. ಕಾಲಿಗೆ ಪೆಟ್ಟಾಗದಂತೆ ಅದನ್ನು ಕೊಡಬಲ್ಲದ್ದು ಬ್ಯಾಟಲ್ ರಾಯಲ್ ಒಂದೇ. ಅದು ಖರೇ ಸ್ಪರ್ಧೆಯೆಂದೇ ಯಲ್ಲಪ್ಪನಿಗೆ ಹೇಳುವುದು. ಶಿಷ್ಯರೆಲ್ಲ ಒಬ್ಬೊಬ್ಬರಾಗಿ ಅವನ ಕೈಯಿಂದ ಹೊರಗೆ ಬೀಳುವುದು. ತೃಪ್ತನಾದ ಗುರು ರೋಣವನ್ನು ಕೈಬಿಡುವುದು. ಸಂಶಯ ಬಂದರೆ ಮಾತ್ರ ಕೆಲಸ ಕೆಟ್ಟಂತೆ. ಬಿಟ್ಟುಕೊಟ್ಟ ಗೆಲುವೆಂದು ತಿಳಿದರೆ ಖರೇ ಗೆಲುವಿಗಾಗಿ ಅವನು ಮರುದಿನವೇ ರೋಣಕ್ಕೆ ಹೊರಟಾನು. ಹಾಗಾಗಿ ಗುಟ್ಟನ್ನು ಯಾರಿಗೂ ಹೇಳಬಾರದೆಂದು ನಿರ್ಧಾರವಾಗಿ, ಎರಡು ದಿನಗಳೊಳಗೆ ಯಲ್ಲಪ್ಪನೊಬ್ಬನನ್ನು ಬಿಟ್ಟು ನರಗುಂದಕ್ಕೆಲ್ಲ ಗೊತ್ತಾಯಿತು.

ಗುಡ್ಡದ ಕೆಳಗೆ, ಕಾಳಿನ ಪೇಟೆಯ ಹಿಂದಿನ ಬಯಲಲ್ಲಿ ನಾಲ್ಕು ಕಂಬ ನೆಟ್ಟು ಎತ್ತಿನ ಬಂಡಿಯ ಹಗ್ಗ ಬಿಗಿದರು. ಒಳಗೆ ಗಾದಿ ಹಾಸಿ ಮೇಲೆ ತಾಡಪತ್ರಿ ಹೊದಿಸಿದರು. ಹಲಗೆ ಬಾರಿಸುವವರು ಬಂದರು. ಶಿರೋಳದಿಂದಲೂ ಮಂದಿ ಬಂದರು. ಅವರಲ್ಲಿ ಗರಡಿಯ ಹಿರಿಯ ಶಿಷ್ಯ ಮಾರುತಿಗೆ ಹೆಣ್ಣು ಕೊಡಲು ಒಪ್ಪಿದ್ದ ಮಾವನೂ ಒಬ್ಬ, ಮೊದಲ ಸಾಲಿನಲ್ಲೇ ಮೀಸೆ ಸವರುತ್ತ ಕೂತಿದ್ದ. ಪತ್ರಿಕೆಯವನೆಂಬ ಗೌರವದಿಂದ ನನ್ನ ಕುರ್ಚಿಯನ್ನು ಮೂಲೆಯ ಕಂಬಕ್ಕೆ ಆನಿಸಿ ಹಾಕಿದ್ದರು.

ಯೋಜನೆಯ ಪ್ರಕಾರ ಮೊದಲು ಬೀಳಬೇಕಾದವನು ದಾದಾಪೀರ. ಯಲ್ಲಪ್ಪ ಭುಜಕ್ಕೆ ಕೈ ತಾಗಿಸಿದ್ದೇ ತಡ, ಅವನು ಹಗ್ಗದ ಕಡೆಗೆ ಭಕ್ತಿಯಿಂದ ಓಡಿದ. ಆದರೆ ಹೊಟ್ಟೆ ಹಗ್ಗ ದಾಟಲೊಲ್ಲದೆ, ಕೆಳಗಿಂದ ಉರುಳಿ ಹೊರಬಿದ್ದ. ಪಂಚರು ಮೈಕಿನಲ್ಲಿ, “ಕೆಳಗಿಂದ ಹ್ವಾದ್ರ ಲೆಕ್ಕಿಲ್ರಿ, ಮ್ಯಾಲಿಂದ ಹೋಗಬೇಕು” ಎಂದರು. ಅವನು ಪಾಪ, ಮತ್ತೆ ಒಳಗೆ ಬಂದ. ನಾಲ್ಕು ಮಂದಿ ಸೇರಿ ಜೋಳದ ಚೀಲದಂತೆ ಎತ್ತಿ ಅವನನ್ನು ಸೋಲಿಸಬೇಕಾಯಿತು.

ಎರಡನೆಯವನು ಚಲೋ ಹಾರಿದ. ಹೊರಗೆ ಎರಡೂ ಕಾಲ ಮೇಲೆ ಇಳಿದು, ಕೈ ಝಾಡಿಸಿ, ಸೀದಾ ಹಗ್ಗ ಹತ್ತಿ ಒಳಗೆ ಬಂದುಬಿಟ್ಟ.

“ನೀ ಔಟ್ ಆದೆಲೋ” ಎಂದರು ಪಂಚರು.

“ಯಾಕ್ರಿ? ಬೆನ್ನಿಗಿ ಮಣ್ಣ ಎಲ್ಲಿ ಹತ್ತೈತಿ ತೋರಸ್ರಿ” ಎಂದು ಅವನು ಬೆನ್ನು ತಿರುಗಿಸಿದ.

“ಇಲ್ಲಿ ಮಣ್ಣ ಇಲ್ಲಲೇ, ತಾಡಪತ್ರಿ ಐತಿ.”

“ಮಣ್ಣ ಇಲ್ಲಂದಮ್ಯಾಲ ಸೋಲ ಎಲ್ಲಿಂದ ಬರತೈತ್ರಿ?”

ಜನ ಸಿಳ್ಳೆ ಹೊಡೆದರು. ಹುಡುಗ ಒಪ್ಪಂದವನ್ನು ಮುರಿದದ್ದಲ್ಲ, ಮರೆತದ್ದು. ವರ್ಷಗಟ್ಟಲೆ ಬೀಳಬೇಡವೆಂದು ಕಲಿಸಿದ ಮೈಗೆ, ಒಂದು ಸಂಜೆಯ ಮಟ್ಟಿಗೆ ಬೀಳು ಎಂದರೆ ಅರ್ಥವಾಗುವುದು ಹೇಗೆ? ಮೂರನೆಯವನೂ ತಿರುಗಿ ಬಂದ, ನಾಲ್ಕನೆಯವನೂ ಬಂದ. ಹೊರಹೋದವರೆಲ್ಲ ಒಳಬರುತ್ತಿದ್ದ ಆ ಅಂಕಣ ನಮ್ಮ ಬಸ್ ನಿಲ್ದಾಣವನ್ನು ಹೋಲತೊಡಗಿತು. ಹಲಗೆಯವರ ಕೈ ಸೋತಿತು. ಬೀಳಲು ಹೆಣಗುವ ಶಿಷ್ಯರ ನಡುವೆ ಯಲ್ಲಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತು, ಒಬ್ಬೊಬ್ಬರ ಮುಖವನ್ನೂ ನೋಡಿದ. ಇನ್ನು ಹಗ್ಗ ದಾಟಿ ಮನೆಗೆ ನಡೆಯುತ್ತಾನೆ ಎಂದುಕೊಂಡೆ.

ನಡೆಯಲಿಲ್ಲ. ಎರಡನೆಯ ಹುಡುಗನ ಕುತ್ತಿಗೆಗೆ ಕೈಹಾಕಿ, ಹಣೆಗೆ ಹಣೆ ಹಚ್ಚಿ, ಪಟ್ಟು ಹಾಕುವವನಂತೆ ಅವನನ್ನು ನನ್ನ ಮೂಲೆಗೇ ದೂಡಿಕೊಂಡು ಬಂದ. ಜನರಿಗೆ ಕಂಡದ್ದು ಘನಘೋರ ಸೆಣಸಾಟ. ಕಂಬದ ಬುಡದಲ್ಲಿದ್ದ ನನಗೆ ಕೇಳಿಸಿದ್ದು ಇಷ್ಟು:

“ಹಗ್ಗಾ ದಾಟಿದಮ್ಯಾಲ ತಿರುಗಿ ಬರಬ್ಯಾಡ. ಅಲ್ಲೇ ಕುಂದ್ರು.”

“ಯಾಕ್ರಿ ವಸ್ತಾದರ?”

“ನನ್ನ ಗೆಲ್ಲಸಾಕ ಬಂದೀರಿ ಹೌದಲ್ಲೋ? ಮತ್ತ ಗೆಲ್ಲಾಕ ಬಿಡ್ರಲೇ.”

ಹುಡುಗ ಹೊರಗೆ ಹೋಗಿ ಕೂತ. ಯಲ್ಲಪ್ಪ ಮುಂದಿನವನ ಕುತ್ತಿಗೆ ಹಿಡಿದ. ಹೀಗೆ ಪ್ರತಿಯೊಬ್ಬನ ಕಿವಿಯಲ್ಲೂ ಏನೋ ಉಸುರಿ, ಯಾರು ಎತ್ತಲಿಂದ ಯಾವಾಗ ಬೀಳಬೇಕೆಂಬುದನ್ನೂ ತಾನೇ ಗೊತ್ತುಮಾಡಿ, ತನ್ನನ್ನು ಮೋಸಗೊಳಿಸಲು ಹೂಡಿದ್ದ ಆಟವನ್ನು ಆ ಮನುಷ್ಯ ತಾನೇ ಹೆಗಲು ಕೊಟ್ಟು ದಡ ಸೇರಿಸಿದ.

ಕಡೆಗೆ ಉಳಿದವನು ಮಾರುತಿ. ಮೊದಲ ಸಾಲಿನಲ್ಲಿ ಮಾವ. ಯಲ್ಲಪ್ಪ ದೂಡಿದರೆ ಮಾರುತಿಯ ಕಾಲುಗಳು ತಾವಾಗಿಯೇ ಬೇರುಬಿಡುತ್ತಿದ್ದವು; ಅವನ ಮುಖ ಅಳುವಂತಾಗಿತ್ತು. ಯಲ್ಲಪ್ಪ ಅವನನ್ನು ನನ್ನ ಮೂಲೆಯಲ್ಲೇ ತಬ್ಬಿ ಹಿಡಿದ. “ನಿಮ್ಮ ಮಾವ ನೋಡಾಕತ್ತಾನ. ಮದ್ಲ ನನ್ನ ಎತ್ತು. ಆಮ್ಯಾಲ ಹೋಗು.” ಮಾರುತಿ ಅಲುಗಲಿಲ್ಲ. “ಎತ್ತಲೇ, ಕಾಲ ನೋಯಾಕತ್ತೈತಿ.”

ಮಾರುತಿ ಎತ್ತಿದ. ತಲೆಯ ಮಟ್ಟಕ್ಕೆ, ನರಗುಂದದ ಗುಡ್ಡದ ಎದುರಿಗೆ, ಗುರುವನ್ನು ಎತ್ತಿ ಹಿಡಿದ. ಮಾವ ಎದ್ದು ನಿಂತ. ಬಯಲೆಲ್ಲ ಕೇಕೆ ಹಾಕಿತು. ಆಮೇಲೆ ಬಲಗಾಲಿಗೆ ಭಾರ ಬೀಳದಂತೆ, ನಿದ್ದೆಹೋದ ಕೂಸನ್ನು ಮಲಗಿಸುವ ನಾಜೂಕಿನಿಂದ ಯಲ್ಲಪ್ಪನನ್ನು ಕೆಳಗಿಳಿಸಿ, ಅವನು ಎದೆಗೆ ಕೈ ತಾಗಿಸಿದೊಡನೆ ಹಗ್ಗದ ಮೇಲಿಂದ ಹಿಂದಕ್ಕೆ ಉರುಳಿಹೋದ. ಎಲ್ಲರೂ ಹೇಳಿದ್ದೇ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ದಿನದ ವರದಿಯ ಮೊದಲ ವಾಕ್ಯಕ್ಕೆ ನಾನು ಪಟ್ಟ ಪಾಡು ಹಿಂದೆಂದೂ ಪಟ್ಟಿರಲಿಲ್ಲ. ‘ಗೆದ್ದರು’ ಎನ್ನಲು ನನ್ನ ಶಿಸ್ತು ಬಿಡಲಿಲ್ಲ, ‘ಗೆಲ್ಲಿಸಿದರು’ ಎನ್ನಲು ಮನಸ್ಸು ಬಿಡಲಿಲ್ಲ. ‘ಕಣದಲ್ಲಿ ಕಡೆಯವರಾಗಿ ಯಲ್ಲಪ್ಪ ಪೈಲ್ವಾನ ಉಳಿದರು’ ಎಂದು ಬರೆದು ಕಳಿಸಿದೆ. ಕಚೇರಿಯ ಹುಡುಗಿ ಫೋನು ಮಾಡಿ, ಗೆದ್ದರು ಎಂದು ತಿದ್ದಲೇ ಸರ್ ಎಂದಳು. ಇರಲಿ ಬಿಡವ್ವ ಎಂದೆ. ನನ್ನ ತಳಮಳ ಬೇರೆಯದಿತ್ತು. ಗೆಲುವು ದಾನದ್ದೆಂದು ಯಲ್ಲಪ್ಪನಿಗೆ ತಿಳಿದುಹೋಗಿತ್ತು. ಇನ್ನು ರೋಣ ತಪ್ಪೀತೆ?

ಮರುದಿನ ಮುಂಜಾನೆ ಚಹಾದಂಗಡಿಯಲ್ಲಿ ಶಿಷ್ಯರೆಲ್ಲ ಜಮಾಯಿಸಿದ್ದರು. ವಿಚಿತ್ರವೆಂದರೆ, ವಸ್ತಾದ ತನ್ನೊಬ್ಬನ ಕಿವಿಯಲ್ಲೇ ಹೇಳಿದ್ದೆಂದು ತಿಳಿದು, ಪ್ರತಿಯೊಬ್ಬನೂ ಉಳಿದವರಿಂದ ಸಂಗತಿಯನ್ನು ಬಚ್ಚಿಟ್ಟಿದ್ದ. ಹೀಗಾಗಿ ಯಲ್ಲಪ್ಪ ಕುಂಟುತ್ತ ಬಂದು ಬಾಕಿನ ಮೇಲೆ ಕೂತಾಗ, ಎಲ್ಲರೂ ಎಲ್ಲರೆದುರು ಅವನ ಪರಾಕ್ರಮವನ್ನು ಹೊಗಳಿದ್ದೇ ಹೊಗಳಿದ್ದು. ಏನೂ ತಿಳಿಯದ ದಾದಾಪೀರನಂತೂ ಉತ್ಸಾಹದಲ್ಲಿ, “ವಸ್ತಾದರ, ನೀವಿನ್ನೂ ಹತ್ತ ವರ್ಸ ಕುಸ್ತಿ ಹಿಡೀತೀರಿ ನೋಡ್ರಿ” ಎಂದುಬಿಟ್ಟ. ಮಾರುತಿ ಅವನ ಕಾಲು ತುಳಿದ.

“ಸುಮ್ಮನ ಚಾ ಮಾಡೋ ದಾದಾ. ನಿನ್ನ ಒಗ್ಯಾಕ ನಾಕ ಮಂದಿ ಬೇಕಾತು” ಎಂದ ಯಲ್ಲಪ್ಪ, ಪತ್ರಿಕೆ ಬಿಡಿಸಿ ನನ್ನ ಕಡೆ ನೋಡಿದ. “ಉಳದ್ನಿ ಅಂತ ಬರ್ದೀರಿ.”

“ಹೌದ್ರಿ.”

“ಖರೇ ಐತಿ.” ಪತ್ರಿಕೆ ಮಡಿಚಿದ. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದ: “ಗಜೇಂದ್ರಗಡದ ಕುಸ್ತಿ ಮುಗೀಲಿಲ್ಲ ಅಂತ ಭಾಳ ಸಂಕಟ ಇತ್ರಿ. ಅದನ್ನ ಆ ಜೋಡೀನ ಬಂದ ಮುಗಸಬೇಕ ಅಂತ ತಿಳದಿದ್ನಿ. ನಿನ್ನಿ ನಮ್ಮ ಹುಡುಗ್ರ ಮುಗಿಸಿದ್ರು. ಬೀಳೂದು ನಾ ಕಲಿಸಿದ್ದಿಲ್ಲ. ಊರ ಮುಂದ, ಮಾವನ ಮುಂದ ತಾವ ಕಲತ ಬಿದ್ರು.” ಗ್ಲಾಸು ಕೆಳಗಿಟ್ಟ. “ಮಾರುತಿ, ರೋಣಕ್ಕ ನೀ ಹೋಗು. ನಾಳಿಂದ ಮಣ್ಣೂ ನೀನ ಅಗಿ.”

ಮಾರುತಿ ತಲೆ ತಗ್ಗಿಸಿಕೊಂಡು ಕೂತೇ ಇದ್ದ. ಮರುದಿನ ನಸುಕಿನಲ್ಲಿ ಗುದ್ದಲಿ ಅವನ ಕೈಯಲ್ಲಿತ್ತೆಂದೂ, ಯಲ್ಲಪ್ಪ ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕಡಿಮೆಯಾಯಿತೆಂದು ಬೈಯುತ್ತಿದ್ದನೆಂದೂ ಆಮೇಲೆ ಕೇಳಿದೆ. ರೋಣದಲ್ಲಿ ಮಾರುತಿ ಸೋತ. ಬೆನ್ನಿಗೆ ಸ್ಪಷ್ಟವಾಗಿ ಮಣ್ಣು ಹತ್ತಿತ್ತು. ಗೆದ್ದವನ ಹೆಸರನ್ನು ಮೊದಲ ವಾಕ್ಯದಲ್ಲೇ ಹಾಕಿ ವರದಿ ಕಳಿಸಿದೆ. ಮದುವೆ ಮಾತ್ರ ತಪ್ಪಲಿಲ್ಲ. ಗುರುವನ್ನು ತಲೆಮಟ್ಟ ಎತ್ತಿದ ಅಳಿಯನ ಕಥೆ ಶಿರೋಳದಲ್ಲಿ ಇನ್ನೂ ನಡೆದಿದೆ.

ಎಲ್ಲರಿಗೂ ಗೊತ್ತಿರುವುದು ಸುದ್ದಿಯಲ್ಲ ಎಂಬ ಪಾಠ ತಪ್ಪೆಂದು ನಾನು ಹೇಳಲಾರೆ. ಅದು ನನಗೆ ಅನ್ನ ಕೊಟ್ಟಿದೆ. ಆದರೆ ಗೊತ್ತಿದ್ದದ್ದು ಗೊತ್ತಿದ್ದಂತೆಯೇ ನಡೆಯುವುದಕ್ಕೂ ಅಷ್ಟು ಮಂದಿ ಬೆವರಬೇಕೆಂಬುದು ಆ ಉಪಸಂಪಾದಕರಿಗೆ ತಿಳಿದಿತ್ತೋ ಇಲ್ಲವೋ.

ನಿನ್ನೆ ಸಂಜೆ ದಾದಾಪೀರನ ಅಂಗಡಿಗೆ ಹೋದರೆ ಯಲ್ಲಪ್ಪನೂ ಇದ್ದ. ಸಕ್ಕರೆ ಡಬ್ಬಿಗೆ ಒರಗಿದ ಮೊಬೈಲಿನಲ್ಲಿ ಅದೇ ದೈತ್ಯರು, ಅದೇ ಹಗ್ಗ. ಗೆಲ್ಲುವವನು ಒಂದು ಮೂಲೆಯಲ್ಲಿ ತೋಳು ಬೀಸುತ್ತಿದ್ದ. ಅವನತ್ತ ಯಲ್ಲಪ್ಪನ ಲಕ್ಷ್ಯವೇ ಇರಲಿಲ್ಲ. ಹೆಸರೂ ಗೊತ್ತಿಲ್ಲದ ಒಬ್ಬ ಬಡಪಾಯಿ ಹಗ್ಗದ ಮೇಲಿಂದ ಪಲ್ಟಿ ಹೊಡೆದು ಹೊರಗೆ ಬಿದ್ದ. “ಇಂವ ನೋಡ್ರಿ” ಎಂದು ಯಲ್ಲಪ್ಪ ನನ್ನ ಮೊಳಕೈ ಹಿಡಿದ, “ಎಷ್ಟ ಚಲೋ ಬಿದ್ದ.” ದಾದಾಪೀರ ಅದನ್ನು ಹಿಂದಕ್ಕೆ ಸರಿಸಿ ಮತ್ತೊಮ್ಮೆ ತೋರಿಸಿದ. ನಾನು ಕನ್ನಡಕ ಏರಿಸಿಕೊಂಡು ಬಾಗಿದೆ. ಮೂವರೂ ನೋಡುತ್ತಲೇ ಇದ್ದೆವು. ಸೀದ ವಾಸನೆ ಬಂದಾಗ ಹಾಲು ಪಾತ್ರೆಯ ಅರ್ಧಕ್ಕಿಳಿದಿತ್ತು.