ಎರಡು ಸಲ ಅಳತೆ ಕೊಡುವವನು

ನನಗೆ ಆಯ್ಕೆಗಳೆಂದರೆ ಆಗುವುದಿಲ್ಲ. ರೊಟ್ಟಿಯೋ ಚಪಾತಿಯೋ ಎಂದು ಹೆಂಡತಿ ಕೇಳಿದರೆ ‘ಯಾವುದಾದರೂ ಆದೀತು’ ಎನ್ನುತ್ತೇನೆ, ಆಮೇಲೆ ತಟ್ಟೆಗೆ ಬಂದದ್ದನ್ನು ನೋಡಿ ಗೊಣಗುತ್ತೇನೆ. ಇಂಥವನು ಬರೆದ ಸಾಫ್ಟ್‌ವೇರಿನಲ್ಲಿ ಆಯ್ಕೆಗಳೇ ಇರಲಿಲ್ಲವೆಂದರೆ ನಿಮಗೇನೂ ಆಶ್ಚರ್ಯವಾಗಲಿಕ್ಕಿಲ್ಲ.

ಗದಗ ಹೊಸ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದವು. ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ನಾನು ಟೇಲರ್ ಅಂಗಡಿಗಳಿಗೆಂದು ಪುಟ್ಟದೊಂದು ಸಾಫ್ಟ್‌ವೇರ್ ಬರೆದೆ. ಗಿರಾಕಿಯ ಹೆಸರು, ವಿಳಾಸ, ವಯಸ್ಸು, ಎದೆ, ಭುಜ, ತೋಳು ತುಂಬಿದರೆ ಬಟ್ಟೆ ಕತ್ತರಿಸುವವರಿಗೆ ಚೀಟಿ ಅಚ್ಚಾಗಿ ಬರುತ್ತಿತ್ತು. ಮೊದಲು ಹಾಕಿಸಿಕೊಂಡವರು ಬೆಟಗೇರಿಯ ದಾವಲಸಾಬರು. ವಾರದೊಳಗೇ ಹೇಳಿಕಳಿಸಿದರು. ಒಂದೇ ಮನೆಯ, ಒಂದೇ ವಯಸ್ಸಿನ ಇಬ್ಬರನ್ನು ಬರೆಯಹೋದರೆ ‘ಈ ಗಿರಾಕಿ ಈಗಾಗಲೇ ಇದ್ದಾನೆ’ ಎಂದು ಅದು ಹಟ ಮಾಡುತ್ತಿತ್ತಂತೆ. ಅವಳಿ ಮಕ್ಕಳಿರಬೇಕು ಎಂದುಕೊಂಡು, ಮನಸ್ಸಿಲ್ಲದ ಮನಸ್ಸಿನಿಂದ ‘ಜೋಡಿ ಗಿರಾಕಿ’ ಎಂಬ ಆಯ್ಕೆಯೊಂದನ್ನು ಸೇರಿಸಿ ಬಂದೆ.

ನಮ್ಮ ಹಳೆಯ ವ್ಯಾಕರಣಕಾರರ ತಾಳ್ಮೆ ದೊಡ್ಡದು. ಒಂದೇ ಒಂದು ಪದ ದಾರಿ ತಪ್ಪಿ ನಡೆದರೂ ಅದಕ್ಕಾಗಿ ಒಂದು ಸೂತ್ರ ಬರೆದಿಡುತ್ತಿದ್ದರು; ಈ ಪದವನ್ನು ಎಷ್ಟು ಜನ ಬಳಸುತ್ತಾರೆ ಎಂದು ಕೇಳುತ್ತಿರಲಿಲ್ಲ. ನಾನು ಕೇಳಿದೆ. ಎರಡು ವರ್ಷಗಳ ಮೇಲೆ ಹೊಸ ಆವೃತ್ತಿ ಬರೆಯುವಾಗ, ಒಂದೇ ಅಂಗಡಿಗಾಗಿ ಈ ಕಗ್ಗಂಟು ಯಾಕೆಂದು ‘ಜೋಡಿ ಗಿರಾಕಿ’ಯನ್ನು ತೆಗೆದುಹಾಕಿದೆ. ಇಬ್ಬರಿದ್ದ ಕಡೆ ಒಬ್ಬನನ್ನು ಉಳಿಸಿಕೊಳ್ಳುವ ಏರ್ಪಾಡನ್ನೂ ಮಾಡಿದೆ. ಸಾಫ್ಟ್‌ವೇರ್ ಎಷ್ಟು ಚೊಕ್ಕಟವಾಯಿತೆಂದು ಒಳಗೊಳಗೇ ಬೀಗಿದ್ದೂ ಖರೆ.

ದೀಪಾವಳಿಗೆ ಮುಂಚೆ ಒಂದು ಮಧ್ಯಾಹ್ನ, ಹೊಸದು ಹೇಗೆ ನಡೆಯುತ್ತಿದೆ ನೋಡೋಣವೆಂದು ದಾವಲಸಾಬರ ಅಂಗಡಿಗೆ ಹೋದೆ. ನೇಕಾರರ ಓಣಿಯ ಕಮಲವ್ವ ಮಗ ವಿಠ್ಠಲನನ್ನು ಕರೆದುಕೊಂಡು ಬಂದಿದ್ದರು. ಹುಡುಗನಿಗೆ ಹದಿನಾಲ್ಕು ಇದ್ದೀತು. ದಾವಲಸಾಬರು ಅಳತೆ ತೆಗೆದರು, ಎದೆ ಮೂವತ್ತು. ಹುಡುಗ ಹೊಸ್ತಿಲು ದಾಟಿ ಹೊರಗೆ ಹೋದ. ಮರುಗಳಿಗೆಯಲ್ಲೇ ಒಳಗೆ ಬಂದು, ಈಗಷ್ಟೇ ಬಂದವನಂತೆ ಅದೇ ಜಾಗದಲ್ಲಿ ಮತ್ತೆ ನಿಂತ. ದಾವಲಸಾಬರು ಟೇಪು ಬಿಚ್ಚಿ ಮತ್ತೆ ಮೊದಲಿನಿಂದ ಅಳೆದರು. ಈ ಸಲ ಎದೆ ಮೂವತ್ತೂವರೆ.

ಪ್ರಿಂಟರ್ ಎರಡು ಚೀಟಿ ಕೊಟ್ಟಿತು. ಒಂದರಲ್ಲಿ ವಿಠ್ಠಲನ ಅಳತೆ. ಇನ್ನೊಂದನ್ನು ಹುಡುಗ ಎತ್ತಿಕೊಂಡು ಗಟ್ಟಿಯಾಗಿ ಓದಿದ: ‘ಪಾಂಡು. ಈ ಹೆಸರಿನ ಗಿರಾಕಿ ಇಲ್ಲ.’

ಈ ಸಾಫ್ಟ್‌ವೇರ್ ಬರೆದವನು ನಾನೇ ಎಂದು ದಾವಲಸಾಬರು ಅವರಿಗೆ ಮೊದಲೇ ಹೇಳಿದ್ದರು. ಕಮಲವ್ವ ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

“ಅವ ಇಲ್ಲಂತ ನಿಮಗ ಯಾರು ಹೇಳಿದ್ರಿ?” ಎಂದರು. “ಏನರ ಖಬರ ಬಂತೇನ್ರಿ?”

ದಾವಲಸಾಬರು ನನ್ನನ್ನು ಮೆಷಿನ್ನಿನ ಹಿಂದಕ್ಕೆ ಕರೆದು ಮೆಲ್ಲಗೆ ತಿಳಿಸಿದರು. ಅವಳಿಗಳಾದ ವಿಠ್ಠಲ, ಪಾಂಡು ಏಳು ವರ್ಷದವರಿದ್ದಾಗ ಮುಳಗುಂದ ನಾಕಾ ಸರ್ಕಲ್ಲಿನ ಜನರ ಗದ್ದಲದಲ್ಲಿ ತಾಯಿಯ ಕೈಯಿಂದ ಪಾಂಡುವಿನ ಕೈ ತಪ್ಪಿತ್ತು. ಮತ್ತೆ ಸಿಗಲಿಲ್ಲ. ಅಂದಿನಿಂದ ಪ್ರತಿ ದೀಪಾವಳಿಗೂ ಎರಡು ಅಂಗಿ ಹೊಲಿಸುತ್ತಾರೆ. ಒಂದನ್ನು ವಿಠ್ಠಲ ತೊಡುತ್ತಾನೆ, ಇನ್ನೊಂದನ್ನು ಮಡಚಿಡುತ್ತಾರೆ. ಇಬ್ಬರ ಅಳತೆಯನ್ನೂ ಇವನೇ ಕೊಡುತ್ತಾನೆ.

ಆ ಅರ್ಧ ಇಂಚಿನ ಬಗ್ಗೆ ಕೇಳಿದೆ.

“ಮೂರು ವರ್ಷಾತ್ರಿ, ಹಂಗ ಬರತೈತಿ,” ಎಂದರು. “ಉಸಿರು ಹಿಡೀಬ್ಯಾಡಂತ ಹೇಳಿ ನೋಡೀನಿ, ಟೇಪು ಬದಲಿ ಮಾಡಿ ನೋಡೀನಿ. ಈಗ ಬಂದಷ್ಟು ಬರಕೋತೀನಿ.”

ನಾನು ವಿದ್ಯಾವಂತನಲ್ಲವೆ? ಅಳೆಯುವುದರಲ್ಲೇ ಏನೋ ತಪ್ಪಾಗಿದೆ ಎಂದು ಟೇಪು ಇಸಿದುಕೊಂಡು ಹುಡುಗನನ್ನು ಕರೆದೆ. ಅವನು ನೆಟ್ಟಗೆ ಬಂದು ನಿಂತು, ತೋಳು ಎತ್ತುವ ಮೊದಲು ಕೇಳಿದ:

“ಈಗ ಯಾರಾಗಿ ನಿಲ್ಲಲಿ, ಸರ?”

ಹಾಸ್ಯವಲ್ಲ. ಕಾಲರು ಬೇಕೋ ಬೇಡವೋ ಎಂದು ಕೇಳುವಷ್ಟು ಸಹಜವಾಗಿ ಕೇಳಿದ್ದ. ಟೇಪನ್ನು ಮೇಜಿನ ಮೇಲೆ ಇಟ್ಟುಬಿಟ್ಟೆ.

“ಖಬರ ಏನೂ ಬಂದಿಲ್ಲ, ಅಕ್ಕಾರ,” ಎಂದೆ. “ತಪ್ಪು ನಂದು.”

ಅಲ್ಲೇ ಕುಳಿತು ಹಳೆಯ ಆವೃತ್ತಿಯನ್ನು, ತೆಗೆದಿಟ್ಟಿದ್ದ ಹಳೆಯ ದಾಖಲೆಗಳ ಸಮೇತ, ಮತ್ತೆ ಹಾಕಿದೆ. ದಾವಲಸಾಬರು ತಮ್ಮ ಹಳೆಯ ಅಳತೆ ಪುಸ್ತಕದಿಂದ ಏರಿಸಿಟ್ಟಿದ್ದ ಪಾಂಡುವಿನ ಏಳು ವರ್ಷದ ಕೊನೆಯ ಅಳತೆಯೂ, ಅದರ ಕೆಳಗೆ ಅವನು ಕೊಡದ ಅಳತೆಗಳೂ ಒಂದೊಂದಾಗಿ ಪರದೆಯ ಮೇಲೆ ಬಂದವು. ಬೆಳೆದಿದ್ದ. ಹೊಸ ಚೀಟಿ ಅಚ್ಚಾದಾಗ ಕಮಲವ್ವ ಅದನ್ನು ಮಗನ ಕೈಯಲ್ಲಿ ಎರಡು ಸಲ ಓದಿಸಿಕೊಂಡರು. ಆಮೇಲೆ, ತೋಳು ಸ್ವಲ್ಪ ಉದ್ದ ಇರಲಿ ಎಂದು ದಾವಲಸಾಬರಿಗೆ ಹೇಳಿ ಹೊರಟರು.

ಆ ಆಯ್ಕೆ ಈಗಲೂ ಇದೆ. ಹೊಸಬರು ಇದು ಯಾತಕ್ಕೆಂದು ಕೇಳಿದರೆ, ನಿಮಗೆ ಬೇಕಾಗಲಿಕ್ಕಿಲ್ಲ, ಇರಲಿ ಬಿಡಿ ಎನ್ನುತ್ತೇನೆ. ಮೊನ್ನೆ ಶಿರಹಟ್ಟಿಯ ಒಂದು ಅಂಗಡಿಗೂ ಮುಂಡರಗಿಯ ಒಂದು ಅಂಗಡಿಗೂ ರಿಪೇರಿಗೆಂದು ಹೋಗಿದ್ದೆ. ಎರಡೂ ಕಡೆ ‘ಜೋಡಿ ಗಿರಾಕಿ’ಯ ಮುಂದೆ ಗುರುತು ಹಾಕಿತ್ತು. ನಾನು ಹಾಕಿದ್ದಲ್ಲ. ಅವಳಿ ಮಕ್ಕಳು ಇದ್ದಾರು, ಯಾವ ಊರಿನಲ್ಲಿ ಇರುವುದಿಲ್ಲ? ಹೆಸರುಗಳನ್ನು ತೆರೆದು ನೋಡಬಹುದಿತ್ತು. ಪರದೆಯ ಮೇಲಿನ ಧೂಳು ಒರೆಸಿ ಎದ್ದು ಬಂದೆ.